ಜರಡಿಯಲ್ಲಿ ನೀರು ತಂದವಳು

ಈಚೆಗೆ ಜರಡಿ ಕೈಗೆತ್ತಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಚಕ್ಕುಲಿಗೆ ಹಿಟ್ಟು ಜರಡಿ ಹಿಡಿಯೋಣ ಎಂದು ಕೂತಿರುತ್ತೇನೆ. ನಾಲ್ಕು ಸಲ ಅಲ್ಲಾಡಿಸುವಷ್ಟರಲ್ಲಿ ಎಲ್ಲ ನೆನಪಾಗಿ ಕೈ ಜೋರಾಗುತ್ತದೆ, ಅರ್ಧ ಹಿಟ್ಟು ತಟ್ಟೆಯ ಹೊರಗೆ ಬಿದ್ದಿರುತ್ತದೆ. ಆಮೇಲೆ ಅದನ್ನು ಗುಡಿಸುವವಳೂ ನಾನೇ. ಪಾಪ, ಜರಡಿಯ ತಪ್ಪೇನೂ ಇಲ್ಲ. ಕ್ವೀನ್ಸ್‌ಬರಿಯ ಪಾತ್ರೆ ಅಂಗಡಿಯಲ್ಲಿ ಕೊಂಡ ಸಾಧಾರಣ ಸ್ಟೀಲಿನ ಜರಡಿ. ತಪ್ಪೆಲ್ಲ ಒಂದು ಚಿತ್ರದ್ದು. ಅದನ್ನು ನೋಡಬಾರದ ಹೊತ್ತಿನಲ್ಲಿ ನೋಡಿದ ನನ್ನದೂ ಸ್ವಲ್ಪ ಇರಬಹುದು.

ನಾನಾಗಿ ಚಿತ್ರ ನೋಡಲು ಹೋಗುವವಳಲ್ಲ. ಅರ್ಧ ಆಯುಷ್ಯ ಲಂಡನ್ನಿನಲ್ಲಿ ಕಳೆದಿದ್ದರೂ ನನಗೆ ಗೊತ್ತಿರುವ ಲಂಡನ್ ಎಂದರೆ ನಮ್ಮ ಡಾಕ್ಟರು ಕೆಲಸ ಮಾಡುತ್ತಿದ್ದ ಆಸ್ಪತ್ರೆ, ಈಸ್ಟ್ ಹ್ಯಾಮಿನ ಸೀರೆ ಅಂಗಡಿಗಳು ಮತ್ತು ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಬಾಗಿಲಲ್ಲಿ ಕಾಯುವ ಕುರ್ಚಿ. ನಮ್ಮ ಡಾಕ್ಟರು ಅಂದರೆ ನನ್ನ ಯಜಮಾನರು. ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿಗೆ ಬಂದು ಜನರ ಕಿವಿ ಮೂಗು ಗಂಟಲು ನೋಡಿ ನೋಡಿ ಸುಸ್ತಾಗಿ ನಿವೃತ್ತರಾದರು. ಇನ್ನು ಮೇಲೆ ಇಬ್ಬರೂ ಊರೆಲ್ಲ ಸುತ್ತೋಣ ಎಂದಿದ್ದವರು ಸುತ್ತುವ ಮೊದಲೇ ತೀರಿಹೋದರು. ಮೂರು ಕೋಣೆಯ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮಾತಾಡಲು ರೇಡಿಯೊ ಇತ್ತು. ಅದೂ ನಾನು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ.

ಆಗ ಸಿಕ್ಕವಳು ಮೇಘನಾ. ಎರಡು ಬೀದಿ ಆಚೆಯ ಫ್ಲಾಟಿನಲ್ಲಿರುವ ಮೈಸೂರಿನ ಹುಡುಗಿ. ಹುಡುಗಿ ಎಂದೆ, ಮೂವತ್ತೈದು ದಾಟಿರಬೇಕು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನ ಆಫೀಸಿನಲ್ಲಿ ಕೆಲಸ. ಗಂಡ ಬೆಂಗಳೂರಿಗೆ ಹೋಗಿದ್ದಾನೆ, ಅಲ್ಲಿ ಏನೋ ಕೆಲಸ ಎಂದು ಎಲ್ಲರಿಗೂ ಹೇಳಿದ್ದಳು. ಭಾನುವಾರ ಬಂತೆಂದರೆ ಬಂದು, "ಏಳಿ ಆಂಟಿ, ಮನೇಲಿ ಕೂತು ಕೂತು ನೀವೂ ಸೋಫಾ ಆಗ್ತೀರ" ಎಂದು ನನ್ನನ್ನು ಎಬ್ಬಿಸಿ ಟ್ಯೂಬು ರೈಲು ಹತ್ತಿಸುತ್ತಾಳೆ. ಹಾಗೆ ಎಬ್ಬಿಸಿಕೊಂಡು ಹೋದ ಒಂದು ಭಾನುವಾರ ಹೊರಗೆ ಮಳೆ ಬಂತು, ಹತ್ತಿರದಲ್ಲಿ ಟಿಕೆಟ್ಟಿಲ್ಲದ ಚಿತ್ರಶಾಲೆ ಇತ್ತು, ಹೊಕ್ಕೆವು.

ಒಳಗೆ ಕೋಣೆಯಿಂದ ಕೋಣೆಗೆ ನಡೆಯುತ್ತ ನಾನು ಚಿತ್ರಕ್ಕಿಂತ ಹೆಚ್ಚಾಗಿ ಕೂರುವ ಬೆಂಚು ಎಲ್ಲಿದೆ ಎಂದು ನೋಡುತ್ತಿದ್ದೆ. ಮಂಡಿ ನನ್ನದು, ಅದರ ಮಾತು ಕೇಳಲೇಬೇಕು. ಅಂಥದರಲ್ಲಿ ಗೋಡೆಯ ಮೇಲೆ ಒಂದು ಕಂಚಿನ ಹೆಂಗಸು ಕಂಡಳು. ಒಂದೂವರೆ ಮೊಳ ಎತ್ತರ, ಒಂದು ಗೇಣು ಅಗಲ. ಹತ್ತಿರ ಹೋದರೆ ಕಂಚೂ ಅಲ್ಲ, ಮೂರ್ತಿಯೂ ಅಲ್ಲ. ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಐನೂರು ವರ್ಷದ ಹಿಂದೆ ಇಟಲಿಯವನೊಬ್ಬ ಹಲಗೆಯನ್ನು ಕಂಚಿನಂತೆ ಕಾಣಿಸಿಬಿಟ್ಟಿದ್ದಾನೆ. ಸೀರೆಯಂಥ ಉಡುಗೆಯ ನೆರಿಗೆಗಳು ಗಾಳಿಗೆ ಹಾರುತ್ತಿವೆ. ಎರಡೂ ಕೈಯಲ್ಲಿ ಏನನ್ನೋ ಹಿಡಿದಿದ್ದಾಳೆ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಜರಡಿ. ನಮ್ಮ ಮನೆಯ ಜರಡಿಯೇ. ಇಷ್ಟು ದೊಡ್ಡ ಕಟ್ಟಡದಲ್ಲಿ ನನಗೆ ಪರಿಚಯದ್ದೊಂದು ವಸ್ತು ಸಿಕ್ಕಿತಲ್ಲ ಎಂದು ನಿಜವಾಗಿ ಸಂತೋಷವಾಯಿತು. ಪಕ್ಕದ ಚೀಟಿ ಓದುವವರೆಗೆ ಮಾತ್ರ.

ಆಕೆ ರೋಮಿನವಳು, ಹೆಸರು ಟುಕ್ಕಿಯಾ. ಗುಡಿಯಲ್ಲಿ ದೇವಿಯ ಬೆಂಕಿ ಆರದಂತೆ ಕಾಯುವ ಕನ್ಯೆಯರಲ್ಲಿ ಒಬ್ಬಳು. ಯಾರೋ ಅವಳ ನಡತೆಯ ಬಗ್ಗೆ ಮಾತು ತೆಗೆದರು. ಯಾರು, ಏನು ನೋಡಿದರು, ಎಲ್ಲಿ ನೋಡಿದರು, ಅದೊಂದೂ ಚೀಟಿಯಲ್ಲಿಲ್ಲ. ಅವರು ಹೇಳಿದರು, ಊರು ನಂಬಿತು. ತಪ್ಪು ಮಾಡಿದ್ದಾಳೆ ಎಂದಾದರೆ ಅಂಥವಳನ್ನು ಜೀವಂತ ಹೂಳುವುದು ಅಲ್ಲಿಯ ಪದ್ಧತಿಯಂತೆ. ಅವಳು ಒಂದು ಜರಡಿ ಹಿಡಿದು ನದಿಗೆ ಹೋಗಿ, ಅದರ ತುಂಬ ನೀರು ಮೊಗೆದು, ಹನಿಯೂ ಸೋರದಂತೆ ಗುಡಿಯವರೆಗೆ ಹೊತ್ತು ತಂದಳಂತೆ. ಪರಿಶುದ್ಧಳು ಎಂದು ಎಲ್ಲರೂ ಒಪ್ಪಿದರಂತೆ. ಕತೆ ಮುಗಿಯಿತು.

ಮುಗಿಯಿತೇ? ಮಾತು ತೆಗೆದವನ ಗತಿ ಏನಾಯಿತು? ಅವನ ಕೈಗೂ ಒಂದು ಜರಡಿ ಕೊಟ್ಟು ನದಿಗೆ ಕಳಿಸಿದರೇ? ನಂಬಿದ ಊರಿನವರು ಮಾರನೆಯ ದಿನ ಅವಳಿಗೆ ಎದುರಾದಾಗ ಯಾವ ಮುಖ ಹೊತ್ತು ನಡೆದರು? ಚಿತ್ರ ಬರೆದವನಿಗೂ ಈ ಯಾವ ಪ್ರಶ್ನೆಯೂ ಬಂದಿಲ್ಲ. ಗಾಳಿಗೆ ಹಾರುವ ನೆರಿಗೆ ಬರೆಯುವುದರಲ್ಲಿ ಮುಳುಗಿಹೋಗಿದ್ದಾನೆ. ಇದನ್ನೆಲ್ಲ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೇನೆ ಎಂದು ತಿಳಿದಿದ್ದೆ. ಆದರೆ ಬಾಯಿಬಿಟ್ಟೇ ಹೇಳುತ್ತಿದ್ದೆನಂತೆ, ಬೆರಳನ್ನೂ ಚಿತ್ರದ ಮೂಗಿನ ತನಕ ಚಾಚಿದ್ದೆನಂತೆ. ಎಲ್ಲಿಂದಲೋ ಕೀಂ ಎಂದು ಸದ್ದಾಯಿತು. ಕಾವಲಿನ ಎತ್ತರದ ಮನುಷ್ಯ ಬಂದು, ದಯವಿಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲಿ ಮೇಡಂ ಎಂದ. ಬಹಳ ಸೌಮ್ಯವಾಗಿ ಹೇಳಿದ. ಸೌಮ್ಯವಾಗಿ ಹೇಳಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಈ ವಿಷಯದಲ್ಲಿ ರೋಮಿನವರನ್ನೇ ಬೈದು ಸುಮ್ಮನಾಗುವಂತಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತ ಹೇಳುತ್ತಿದ್ದ ಕತೆಗಳಲ್ಲಿ ಮರಳಿನ ಕೊಡದಲ್ಲಿ ನೀರು ತಂದವಳಿದ್ದಳು, ಬೆಂಕಿ ಹೊಕ್ಕು ಹೊರಬಂದವಳಿದ್ದಳು. ಕೇಳಿ ಕೇಳಿ ನನಗೂ ಒಂದು ದಿನ ಹುಮ್ಮಸ್ಸು ಬಂತು. ಮರಳಿನ ಕೊಡ ಮಾಡಲು ಹೋದರೆ ಕೈಯಲ್ಲೇ ಉದುರಿತು. ಬೆಂಕಿಗೆ ಧೈರ್ಯ ಸಾಲಲಿಲ್ಲ. ಅಡುಗೆಮನೆಯಿಂದ ಅವ್ವನ ಸಾಣಿಗಿ ಕದ್ದೆ. ನಮ್ಮ ಕಡೆ ಜರಡಿಗೆ ಸಾಣಿಗಿ ಎನ್ನುತ್ತಾರೆ. ಹಿತ್ತಲ ತೊಟ್ಟಿಯಲ್ಲಿ ಅದನ್ನು ಅದ್ದಿ, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಎತ್ತಿದೆ. ಲಂಗವೆಲ್ಲ ತೊಯ್ದು ತೊಪ್ಪೆಯಾಯಿತು.

ಅವ್ವ ಬಂದು ಬೆನ್ನಿಗೆ ಒಂದು ಕೊಟ್ಟಳು. "ಸಾಣಿಗಿ ಜಂಗ ಹಿಡೀತದ, ಖೋಡಿ" ಎಂದಳು. ತುಕ್ಕು ಹಿಡಿಸಲು ಹೊರಟವಳಿಗೆ ಅದು ನ್ಯಾಯವಾದ ಏಟು, ನನಗೆ ಬೇಸರವಿಲ್ಲ. ಆದರೆ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಮನಸ್ಸು ಶುದ್ಧ ಇಲ್ಲದಿದ್ರ ಸೋರಿಯೇ ಸೋರತದ" ಎಂದು ನಕ್ಕಳು. ಏಳೋ ಎಂಟೋ ವರ್ಷದ ನನಗೆ ಅದು ನಗೆಮಾತು ಎನ್ನಿಸಲಿಲ್ಲ. ಹಿಂದಿನ ದಿನ ಡಬ್ಬಿಯಿಂದ ಬೆಲ್ಲ ಕದ್ದು ತಿಂದಿದ್ದೆ, ಅದಕ್ಕೇ ಸೋರಿತು ಎಂದು ನಂಬಿಬಿಟ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಪ್ಪ ಸಂಜೆ ಬಂದು, ಒತ್ತಾದ ಜಾಳಿಗೆಗೆ ಎಣ್ಣೆ ಸವರಿ ಮೆಲ್ಲಗೆ ನೀರು ಸುರಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದು ಮಾಡಿಯೇ ತೋರಿಸಿದ. ಎಣ್ಣೆ ಇದ್ದರೆ ಸಾಕು, ಶುದ್ಧ ಮನಸ್ಸು ಬೇಕಿಲ್ಲ. ಆದರೂ ಅಜ್ಜಿಯ ಮಾತೇ ಒಳಗೆ ಕೂತಿತು, ಅಪ್ಪನ ಎಣ್ಣೆ ಕೂರಲಿಲ್ಲ. ಟುಕ್ಕಿಯಾ ಎಣ್ಣೆ ಸವರಿದ್ದಳೋ ಏನೋ ಗೊತ್ತಿಲ್ಲ. ಸವರಿದ್ದರೆ ಭೇಷ್ ಅನ್ನುತ್ತೇನೆ.

ಇಷ್ಟನ್ನೂ ಬೆಂಚಿನ ಮೇಲೆ ಕೂತು ಮೇಘನಾಳಿಗೆ ಹೇಳಿ ನಗಿಸೋಣ ಎಂದುಕೊಂಡರೆ ಅವಳು ನಗಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು.

"ಆಂಟಿ, ನಾನು ನಿಮಗೊಂದು ಸುಳ್ಳು ಹೇಳಿದ್ದೀನಿ" ಎಂದಳು. "ಅವನು ಕೆಲಸಕ್ಕೆ ಅಂತ ಹೋಗಿಲ್ಲ. ಡಿವೋರ್ಸ್ ಆಯ್ತು. ಪೇಪರ್ಸ್ ಎಲ್ಲ ಬೇಸಿಗೆಗೆ ಮುಂಚೇನೇ ಮುಗೀತು. ಹೇಳೋಕೆ ಬಾಯಿ ಬರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಹೊಡೆದನೇ, ಕುಡಿದನೇ ಎಂದು ಕೇಳುವುದು ನಮ್ಮ ಜನರ ಅಭ್ಯಾಸ, ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ. ಅವಳೇ ಹೇಳಿದಳು. "ಕೆಟ್ಟವನೇನಲ್ಲ. ಇಬ್ಬರಿಗೂ ಆಗಲಿಲ್ಲ, ಅಷ್ಟೇ. ಈಗ ತೊಂದರೆ ಅದಲ್ಲ. ಈ ಸಲ ಗೌರಿ ನಮ್ಮ ಮನೇಲಿ ಅಲ್ವಾ? ಮೊನ್ನೆ ಪದ್ಮಾ ಆಂಟಿ ಫೋನ್ ಮಾಡಿದ್ರು. ಜನ ಏನೇನೋ ಮಾತಾಡ್ತಿದ್ದಾರೆ, ಪೂಜೆ ಟೈಮಲ್ಲಿ ನಿನ್ನ ಗಂಡನಿಗೆ ಒಂದು ವಿಡಿಯೊ ಕಾಲ್ ಮಾಡ್ಬಿಡು, ಎಲ್ಲರ ಎದುರಿಗೆ ಒಂದು ನಿಮಿಷ ಮುಖ ತೋರಿಸಿ ನಮಸ್ಕಾರ ಅಂದ್ರೆ ಸಾಕು, ಆಮೇಲೆ ಯಾರೂ ತುಟಿ ಪಿಟಕ್ ಅನ್ನಲ್ಲ, ಅಂತ."

ಪದ್ಮಾ ಅವರ ವಿಷಯ ಇಲ್ಲಿ ಹೇಳಬೇಕು. ಅವರೂ ಡಾಕ್ಟರ ಹೆಂಡತಿ, ಮೈಸೂರಿನವರು. ನಮ್ಮ ಸುತ್ತಿನ ಕನ್ನಡದ ಹೆಂಗಸರನ್ನೆಲ್ಲ ಕಟ್ಟಿ ಹಾಕಿರುವವರು ಅವರೇ. ಮೈಸೂರು, ಬೆಂಗಳೂರು, ಧಾರವಾಡ, ಕುಂದಾಪುರ ಎನ್ನದೆ ಎಲ್ಲರನ್ನೂ ಸೇರಿಸಿ, ಪ್ರತಿ ವರ್ಷ ಒಬ್ಬೊಬ್ಬರ ಮನೆಯಲ್ಲಿ ಗೌರಿ ಕೂರಿಸುವ ಪದ್ಧತಿ ತಂದವರೂ ಅವರೇ. ಗೌರಿಗೆ ಮೊರದ ಬಾಗಿನ ಕೊಡಬೇಕಲ್ಲ, ಈ ಊರಿನಲ್ಲಿ ಬಿದಿರಿನ ಮೊರ ಎಲ್ಲಿ ತರುವುದು? ಊರಿನಿಂದ ತಂದರೆ ಸೂಟ್‌ಕೇಸಿನಲ್ಲೇ ಚಪ್ಪಟೆಯಾಗುತ್ತದೆ. ಮೊರದ ಬದಲು ಜರಡಿ ಆಗಲಿ, ಅದೂ ಧಾನ್ಯ ಹಸನು ಮಾಡುವುದೇ ಅಲ್ಲವೇ ಎಂದು ಅಪ್ಪಣೆ ಕೊಡಿಸಿದವರು ಪದ್ಮಾ. ಅಕ್ಕಿ, ಬೇಳೆ, ರವೆ, ಬೆಲ್ಲ, ಬಳೆ, ಬಿಚ್ಚೋಲೆ ಎಲ್ಲ ತುಂಬಿ, ಮೇಲೆ ಇನ್ನೊಂದು ಜರಡಿ ಕವುಚಿದರೆ ಬಾಗಿನ ಸಿದ್ಧ.

ಮೊದಲ ವರ್ಷ ಯಾರಿಗೂ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ಬಾಗಿನವನ್ನು ಮಡಿಲಲ್ಲಿಟ್ಟುಕೊಂಡು ಜುಬಿಲಿ ಲೈನಿನಲ್ಲಿ ಬರುತ್ತಿದ್ದೆ, ಆಗ ನಮ್ಮ ಡಾಕ್ಟರೂ ಪಕ್ಕದಲ್ಲಿದ್ದರು. ರೈಲು ಕುಲುಕಿದಾಗಲೆಲ್ಲ ಜರಡಿ ತನ್ನ ಕೆಲಸ ತಾನು ಮಾಡಿತು. ಇಳಿಯುವ ಹೊತ್ತಿಗೆ ರವೆಯೆಲ್ಲ ನನ್ನ ಸೀರೆಯ ಮೇಲೆ, ಸೀಟಿನ ಮೇಲೆ, ಪಕ್ಕದ ಸೂಟಿನವನ ಬೂಟಿನ ಮೇಲೆ. ಡಾಕ್ಟರು ಪೇಪರಿನಿಂದ ತಲೆ ಎತ್ತದೆ, ಈಕೆಯನ್ನು ನಾನು ಅರಿಯೆ ಎಂಬಂತೆ ಕೂತಿದ್ದರು. ಮರುವರ್ಷದಿಂದ ಜರಡಿಗೆ ಕೇಕ್ ಬೇಯಿಸುವ ಕಾಗದ ಹಾಸುತ್ತೇವೆ. ಇಲ್ಲೇ ಹುಟ್ಟಿದ ಮಕ್ಕಳು ಜರಡಿ, ಕೇಕಿನ ಕಾಗದ ಎಲ್ಲ ಶಾಸ್ತ್ರದಲ್ಲೇ ಹೇಳಿದೆ ಎಂದು ತಿಳಿದಿದ್ದಾರೆ.

ಈಗ ಬಾಗಿನ ತುಂಬುವುದು ನನ್ನ ಕೆಲಸ. ಕೊಡುವುದು, ತೆಗೆದುಕೊಳ್ಳುವುದು ಮುತ್ತೈದೆಯರ ಕೆಲಸ. ಡಾಕ್ಟರು ಹೋದ ಮೇಲೆ ನನಗೆ ಅಡುಗೆಮನೆಗೆ ಬಡ್ತಿ ಸಿಕ್ಕಿತು. ನನ್ನ ಪಾಯಸ ಚೆನ್ನಾಗಿರುತ್ತದೆ ಎಂದು ಹೊಗಳುತ್ತಾರೆ, ನಾನೂ ಉಬ್ಬುತ್ತೇನೆ.

ಚಿತ್ರಶಾಲೆಯಿಂದ ಮನೆಗೆ ಬಂದವಳೇ ಪದ್ಮಾ ಅವರಿಗೆ ಫೋನ್ ಹಚ್ಚಿದೆ. ಡಿವೋರ್ಸಿನ ಸುದ್ದಿ ಎತ್ತಲಿಲ್ಲ, ಅದು ನನ್ನ ಸ್ವತ್ತಲ್ಲ. ಆ ಹುಡುಗಿಯನ್ನು ಹೀಗೆ ಪರೀಕ್ಷೆಗೆ ಕೂರಿಸುವುದು ಯಾವ ನ್ಯಾಯ ಎಂದಷ್ಟೇ ಕೇಳಿದೆ.

"ಅಪಾರ್ಥ ಮಾಡ್ಕೋಬೇಡಿ ಸುಮಿತ್ರಾ" ಎಂದರು. "ನಾನೇನು ಅವಳನ್ನ ಬೇಡ ಅಂದ್ನಾ? ಬೇರೆಯವರು ಅವಳ ಮನೆಗೆ ಬರೋದೇ ಬೇಡ ಅಂತಿದ್ರು. ನಾನೇ ತಡೆದು ಈ ದಾರಿ ಹುಡುಕಿದ್ದು. ಒಂದು ನಿಮಿಷದ ಕೆಲಸ. ಯಾರಿಗೂ ನೋವಾಗಬಾರದು ಅಂತ ನಾನು ಎಷ್ಟು ಒದ್ದಾಡ್ತೀನಿ ಗೊತ್ತಾ? ಈಗ ನೀವೇ ಹೇಳಿ, ಯಾವತ್ತಾದ್ರೂ ನಿಮ್ಮನ್ನ ಬಿಟ್ಟು ಹಬ್ಬ ಮಾಡಿದ್ದೀನಾ? ಅಡುಗೆಮನೆ ಪೂರ್ತಿ ನಿಮ್ಮದೇ ಅಲ್ವಾ?"

"ಅದು ಖರೇ ಅದ ಬಿಡ್ರಿ" ಎಂದೆ. ಸುಳ್ಳಲ್ಲವಲ್ಲ. ಡಾಕ್ಟರು ಹೋದಾಗ ವಾರಗಟ್ಟಲೆ ನನ್ನ ಬಾಗಿಲಿಗೆ ಸಾರು ಅನ್ನ ತಂದಿಟ್ಟು ಹೋದವರು ಅವರು. ಇಂಥವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ನೋಡಿ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ಕಡೆ ನಿಲ್ಲಲು ಜಾಗವಾದರೂ ಇರುತ್ತಿತ್ತು.

ಮೇಘನಾಳಿಗೆ, ಗೌರಿಯೂ ಬೇಡ, ಇವರ ಸಹವಾಸವೂ ಬೇಡ, ಬಾಗಿಲು ಹಾಕಿಕೊಂಡು ಇರು ಎಂದು ಹೇಳಿ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. "ವರ್ಷಪೂರ್ತಿ ನನ್ನ ಫ್ಲಾಟಿಗೆ ಬರೋದು ಪಾರ್ಸೆಲ್ ತರೋರು ಮಾತ್ರ ಆಂಟಿ. ಈ ಒಂದು ದಿನ ಮನೆ ತುಂಬುತ್ತೆ. ನನಗೆ ಅದು ಬೇಕು. ಅವನನ್ನ ಕೇಳಿದ್ರೆ ಕಾಲ್‌ಗೆ ಬಂದೂ ಬರ್ತಾನೆ, ಶರ್ಟ್ ಇಸ್ತ್ರಿ ಮಾಡ್ಕೊಂಡು ಬರ್ತಾನೆ. ಮಾಡ್ಬಿಡ್ಲಾ?" ಮಾಡು ಎಂದರೆ ಸುಳ್ಳಿನ ಸಂಸಾರಕ್ಕೆ ಸಾಕ್ಷಿ ನಿಂತಂತೆ. ಬೇಡ ಎಂದರೆ ಅವಳ ಮನೆ ಖಾಲಿ.

ಗೌರಿಯ ದಿನ ಅವಳ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ರೇಷ್ಮೆ ಸೀರೆಯ ಹೆಂಗಸರೆಲ್ಲ ಏದುಸಿರು ಬಿಡುತ್ತ, ಕಟ್ಟಡ ನೋಡಿಕೊಳ್ಳುವ ಕೌನ್ಸಿಲ್ಲಿನವರನ್ನು ಬೈಯುತ್ತ ಮೆಟ್ಟಿಲು ಹತ್ತಿ ಬಂದರು. ಯಾರೂ ತಪ್ಪಿಸಿಕೊಂಡಿರಲಿಲ್ಲ. ಭಕ್ತಿ ಎಷ್ಟು, ಗಂಡ ಕಾಣುತ್ತಾನೋ ಇಲ್ಲವೋ ಎಂಬ ಕುತೂಹಲ ಎಷ್ಟು ಎಂದು ಅಳೆಯುವ ಜರಡಿ ನನ್ನ ಹತ್ತಿರ ಇರಲಿಲ್ಲ. ಮೇಘನಾ ಗೌರಿಯನ್ನು ಬಹಳ ಚಂದ ಅಲಂಕರಿಸಿದ್ದಳು. ನಾನು ಪಾಯಸ ತಿರುವುತ್ತ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಇಟ್ಟಿದ್ದೆ.

ಮಂಗಳಾರತಿಯ ಹೊತ್ತಿಗೆ ಪದ್ಮಾ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಮೇಘನಾ, ಕಾಲ್ ಮಾಡ್ಬಿಡಮ್ಮ, ಅವರೂ ಆರತಿ ನೋಡಲಿ" ಎಂದರು.

ಮೇಘನಾ ಫೋನ್ ಕೈಗೆ ತೆಗೆದುಕೊಂಡಳು. ಅದನ್ನು ಗೌರಿಯ ಪಕ್ಕದಲ್ಲಿ ಬೋರಲು ಹಾಕಿದಳು. "ಮಾಡಲ್ಲ ಆಂಟಿ. ನಮಗೆ ಡಿವೋರ್ಸ್ ಆಗಿದೆ. ನಿಮ್ಮೆಲ್ಲರಿಗೂ ಬಾಗಿನ ತುಂಬಿಸಿಟ್ಟಿದ್ದೀನಿ. ತಗೊಳ್ಳೋರು ತಗೋಬಹುದು."

ಪದ್ಮಾ ಸೆರಗು ಸರಿಮಾಡಿಕೊಂಡು, "ಅಲ್ಲಮ್ಮ, ಹಾಗಾದ್ರೆ ಬಾಗಿನ... ಅದು ಹೇಗೆ..." ಎಂದು ನಿಲ್ಲಿಸಿದರು.

ಇಂಥ ಸಭೆಗಳಲ್ಲಿ ನಾನು ಎಲ್ಲರಂತೆ ಬೆಂಗಳೂರಿನ ಕನ್ನಡವನ್ನೇ ಇಟ್ಟುಕೊಂಡಿರುತ್ತೇನೆ. ಸಿಟ್ಟು ಬಂದರೆ ಅದೆಲ್ಲ ಕಳಚಿ ಬೀಳುತ್ತದೆ. ಸೌಟು ಹಿಡಿದೇ ಹೊರಗೆ ಬಂದೆ.

"ಹೆಂಗ ಅಂದ್ರ ಹೆಂಗ? ನಿಮಗ ಯಾಕ ಬೇಕ್ರಿ ಅವನ ಮಾರಿ? ಗೌರಿ ಮಾರಿ ಸಾಲೂದಿಲ್ಲೇನು? ಅಲ್ಲೆ ರೋಮಿನ್ಯಾಗ ಒಬ್ಬಾಕಿ ಜರಡ್ಯಾಗ ನೀರು ತಂದು ತೋರಿಸಿದ್ಲಂತ. ಐನೂರು ವರ್ಷಾತು, ಗ್ವಾಡಿಗೆ ಹಾಕಿ ಅಕೀನ್ನ ನೋಡ್ಲಿಕ್ಕೆ ಹತ್ಯಾರ. ತಂದು ತೋರಿಸು ಅಂದಾಂವನ ಚಿತ್ರ ಎಲ್ಲೆ ಅದ? ಅಂವ ಎಲ್ಲೆ ಹೋದ? ಈ ಹುಡುಗಿ ಮುಂಜಾನಿಯಿಂದ ಉಪವಾಸ ಅದಾಳ, ನಿಮಗೆಲ್ಲ ಹೋಳಿಗಿ ಮಾಡ್ಯಾಳ. ಇದರಾಗ ಅಂವಂದೇನದ?"

ರೋಮು ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ಆದರೆ ನನ್ನ ಸೌಟಿನಿಂದ ಪಾಯಸ ಕಾರ್ಪೆಟ್ಟಿಗೆ ತೊಟ್ಟಿಕ್ಕುತ್ತಿದ್ದುದನ್ನು ಎಲ್ಲರೂ ನೋಡಿದರು. ನಾನು ಗೆದ್ದೆ ಎಂದುಕೊಂಡು ಉಸಿರು ತೆಗೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಘನಾ ಮೇಲಿದ್ದ ಬಾಗಿನ ಎತ್ತಿ, ಸೆರಗು ಹೊದಿಸಿ, ಸಾಲಾಗಿ ಕೂತ ಮುತ್ತೈದೆಯರನ್ನೆಲ್ಲ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಬಂದಳು.

"ಮೊದಲನೇದು ನಿಮಗೆ ಆಂಟಿ."

ನನ್ನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಇಷ್ಟು ಹೊತ್ತು ಊರಿಗೆಲ್ಲ ಉಪದೇಶ ಮಾಡಿದ ಬಾಯಿ, "ನನಗಲ್ಲವಾ ಅದು, ನನಗ ನಡಿಯೂದಿಲ್ಲ" ಎಂದಿತು.

"ಯಾರು ಹೇಳಿದ್ದು?"

ಸುತ್ತ ನೋಡಿದೆ. ಯಾರೂ ಹೇಳಿರಲಿಲ್ಲ. ಪದ್ಮಾ ಆಗಲಿ, ಇನ್ನೊಬ್ಬರಾಗಲಿ ಒಂದು ದಿನವೂ ನನಗೆ ಬೇಡ ಎಂದವರಲ್ಲ. ಡಾಕ್ಟರು ಹೋದ ವರ್ಷ ಗೌರಿಗೆ ಬಂದವಳು ಬಾಗಿಲಿನಿಂದ ನೇರವಾಗಿ ಅಡುಗೆಮನೆಗೆ ನಡೆದಿದ್ದೆ. ಎಲ್ಲರೂ ಹಗುರಾದರು. ಹೇಳುವ ಕಷ್ಟ ಅವರಿಗೆ ತಪ್ಪಿತು. ಹಾಗೆ ಬದಿಗೆ ಸರಿದದ್ದನ್ನು ನಾನು ಪಾಯಸ ಎಂದು ಕರೆದೆ.

"ಕೈ ನೋಯ್ತಿದೆ ಆಂಟಿ, ಹಿಡ್ಕೊಳ್ಳಿ" ಎಂದಳು ಮೇಘನಾ. ಬಾಗಿನವನ್ನು ನಾನೇ ಒತ್ತಿ ಒತ್ತಿ ತುಂಬಿದ್ದೆ.

ಪದ್ಮಾ ಎದ್ದರು. ಏನೋ ಹೇಳುತ್ತಾರೆ ಎಂದು ಕಾದೆ. ಅವರು ನನ್ನ ಮುಖ ನೋಡಲಿಲ್ಲ. ಹತ್ತಿರ ಬಂದು ನನ್ನ ಕೈಯಿಂದ ಸೌಟು ಬಿಡಿಸಿಕೊಂಡು, "ಪಾಯಸ ತಳ ಹಿಡೀತಿದೆ, ನಾನು ನೋಡ್ತೀನಿ" ಎಂದು ನನ್ನ ಪಕ್ಕದಿಂದ ಅಡುಗೆಮನೆಯೊಳಗೆ ಹೋದರು.

ಖಾಲಿಯಾದ ಎರಡೂ ಕೈ ಚಾಚಿ ಬಾಗಿನ ಹಿಡಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಸಿಟ್ಟು ಬಂತು. ಮೇಘನಾಳ ಪರವಾಗಿ ಅಲ್ಲ, ರೋಮಿನವಳ ಪರವಾಗಿಯೂ ಅಲ್ಲ. ಇಷ್ಟು ವರ್ಷ ಒಲೆಯ ಮುಂದೆ ನಿಂತವಳ ಪರವಾಗಿ, ಮೊದಲ ಸಲ. ಅಷ್ಟು ಜನರ ನಡುವೆ ಬಾಗಿನ ಹಿಡಿದು ನಿಂತೇ ಇದ್ದೆ. ಒಳಗಿನಿಂದ ಪದ್ಮಾ ಕೂಗಿ ಕೇಳಿದರು, "ಸುಮಿತ್ರಾ, ಏಲಕ್ಕಿ ಎಲ್ಲಿದೆ?"

"ಹುಡುಕ್ಕೋರಿ" ಎಂದೆ.